ಬಾಗಿಲಿಗೆ ಹಾಕಿದ ಹಲಗೆ

ಮೂವತ್ತಾರು ತುಂಬಿದ್ದರೂ ಮನೆಯಲ್ಲಿ ಅವಳನ್ನು ಪುಟ್ಟಿ ಎಂದೇ ಕರೆಯುತ್ತಿದ್ದರು. ಅಣ್ಣನ ಮಗಳಿಗೆ ಹದಿನೇಳಾಗಿತ್ತು, ಆ ಹುಡುಗಿಯನ್ನು ಯಾರೂ ಹಾಗೆ ಕರೆಯುವ ಧೈರ್ಯ ಮಾಡುತ್ತಿರಲಿಲ್ಲ. ಹೆಸರು ಸೋದರತ್ತೆಗೇ ಅಂಟಿಕೊಂಡು ಉಳಿಯಿತು. ಹೆಸರಿನ ಮೇಲೆ ಅವಳಿಗೆ ಸಿಟ್ಟೇನೂ ಇರಲಿಲ್ಲ. ಪುಟ್ಟಿಯನ್ನು ಯಾರೂ ಏನನ್ನೂ ಕೇಳುವುದಿಲ್ಲ, ಎಲ್ಲ ಮುಗಿದ ಮೇಲೆ ಹೇಳುತ್ತಾರೆ ಅಷ್ಟೆ ಎನ್ನುವುದು ಅವಳ ತಾಪತ್ರಯವಾಗಿತ್ತು.

ಹತ್ತೊಂಬತ್ತನೇ ವಯಸ್ಸಿನಲ್ಲಿ ಓಡುವ ಬಸ್ಸಿನಿಂದ ಬಿದ್ದು ಅವಳ ಸೊಂಟದ ಕೆಳಗಿನ ಬಲ ಹೋಗಿತ್ತು. ಕೈಗಳಿಗೆ ಮಾತ್ರ ಇಬ್ಬರ ಬಲ. ಆ ಕೈಗಳಿಂದ ಅವಳು ಹಲ್ಲು ಕಟ್ಟುತ್ತಿದ್ದಳು. ಹತ್ತು ನಿಮಿಷದ ಆಟೋ ದಾರಿಯಲ್ಲಿ ಹಲ್ಲಿನ ಸೆಟ್ ತಯಾರಿಸುವ ಒಂದು ಲ್ಯಾಬಿತ್ತು. ದಂತವೈದ್ಯರು ಕಳಿಸಿದ ಪ್ಲಾಸ್ಟರ್ ಅಚ್ಚಿನ ಮೇಲೆ ಮೇಣ ಹಚ್ಚಿ, ಒಂದೊಂದೇ ಹಲ್ಲನ್ನು ಸರಿಯಾದ ಓರೆಯಲ್ಲಿ ಕೂರಿಸುವುದು ಅವಳ ಕೆಲಸ. ಹನ್ನೊಂದು ವರ್ಷದಲ್ಲಿ ಅವಳು ಕೂರಿಸಿದ ಹಲ್ಲು ಒಂದೂ ವಾಪಸ್ ಬಂದಿರಲಿಲ್ಲ. ಆ ಬಗ್ಗೆ ಅವಳಿಗೆ ಜಂಬವಿತ್ತು, ಇರಬೇಕಾದದ್ದೇ.

ದಿನಾ ಬೆಳಗ್ಗೆ ಎಂಟೂವರೆಗೆ ಮನೆಯಿಂದ ಒಂದು ಮೆರವಣಿಗೆ ಹೊರಡುತ್ತಿತ್ತು. ಎರಡನೇ ಮಹಡಿಯ ಬಾಡಿಗೆ ಮನೆ, ಲಿಫ್ಟಿಲ್ಲ, ಬೀದಿಗೆ ಮೂವತ್ತೆಂಟು ಮೆಟ್ಟಿಲು. ಕೈಯಿರುವ ಮರದ ಕುರ್ಚಿಯಲ್ಲಿ ಅವಳನ್ನು ಕೂರಿಸಿ ಹಿಂದಿನಿಂದ ಅಣ್ಣ, ಮುಂದಿನಿಂದ ಅಪ್ಪ ಎತ್ತಿ ಇಳಿಸುವರು. ಮೊದಲನೇ ಮಹಡಿಯ ಹೆಂಗಸು ಪ್ರತಿದಿನ ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟು, "ಅಯ್ಯೋ ಪಾಪ, ಎಷ್ಟು ಕಷ್ಟ" ಎನ್ನುವಳು. ಕಷ್ಟ ಯಾರದ್ದು ಎಂದು ಅವಳು ಒಂದು ದಿನವೂ ಬಿಡಿಸಿ ಹೇಳಲಿಲ್ಲ. ಅಣ್ಣ ಮತ್ತೆ ಮೇಲೆ ಹೋಗಿ ಗಾಲಿಕುರ್ಚಿ ತಂದು, ತಂಗಿಯನ್ನು ಆಟೋ ಹತ್ತಿಸಿ, ತನ್ನ ಪಾರ್ಸೆಲ್ ಆಫೀಸಿಗೆ ಹೋಗುವನು. ಸಂಜೆ ಇದೇ ಮೆರವಣಿಗೆ ಮೇಲ್ಮುಖವಾಗಿ.

ಅಪ್ಪನಿಗೆ ಎಪ್ಪತ್ತಾಗಿತ್ತು. ನಲವತ್ತು ವರ್ಷ ಬಟ್ಟೆ ಅಂಗಡಿಯಲ್ಲಿ ನಿಂತೇ ದುಡಿದ ಬೆನ್ನು. ಒಂದು ದಿನ ಇಪ್ಪತ್ತೊಂದನೇ ಮೆಟ್ಟಿಲಿನಲ್ಲಿ ಆ ಬೆನ್ನು ಹಿಡಿದುಕೊಂಡಿತು. ಅಪ್ಪ ಕುರ್ಚಿ ಬಿಡಲಿಲ್ಲ. ಬಿಟ್ಟಿದ್ದರೆ ಮಗಳು ಕೆಳಗೆ ಉರುಳುತ್ತಿದ್ದಳು. ಹಲ್ಲು ಕಚ್ಚಿ ಮಂಡಿಯೂರಿ ಕೂತುಬಿಟ್ಟರು. ಕುರ್ಚಿ ಓರೆಯಾಗಿ ನಿಂತಿತು. ಅಷ್ಟು ಹತ್ತಿರದಿಂದ ಅಪ್ಪನ ಮುಖವನ್ನು ಅವಳು ನೋಡಿದ್ದು ಬಹಳ ವರ್ಷಗಳ ನಂತರ. ಹಣೆಯ ಮೇಲೆ ಬೆವರು, ತುಟಿ ಬಿಳುಪು.

"ಏನಾಗಿಲ್ಲ ಏನಾಗಿಲ್ಲ," ಎಂದರು ಅಪ್ಪ. ಏನೋ ಆಗಿತ್ತು. ಡಾಕ್ಟರು ಸೊಂಟಕ್ಕೆ ಪಟ್ಟಿ ಬಿಗಿದು, ಭಾರ ಎತ್ತಿದರೆ ಮಲಗಿಬಿಡ್ತೀರಿ ಎಂದು ಹೆದರಿಸಿ ಕಳಿಸಿದರು.

ಆ ವಾರವೇ ನೆಲಮಹಡಿಯ ಮನೆ ಖಾಲಿಯಾಯಿತು. ಮನೆಯ ಮಾಲೀಕರು ತಾವಾಗೇ ಫೋನ್ ಮಾಡಿ, ಬೇಕಿದ್ದರೆ ಕೆಳಗೆ ಬನ್ನಿ, ಬಾಡಿಗೆಯೂ ಅಷ್ಟೇ ಎಂದರು. ಪುಟ್ಟಿಗೆ ಎದೆ ಹಗುರವಾಯಿತು. ಊಟಕ್ಕೆ ಕೂತಾಗ ಮಾತು ಬಂದೇ ಬರುತ್ತದೆ ಎಂದು ಅನ್ನ ಕಲಸುತ್ತ ಕಾದಳು. ಮಾತು ಬಂತು.

"ಕೆಳಗಿನ ಮನೇಲಿ ಒಂದು ರೂಮು ಕಮ್ಮಿ," ಎಂದಳು ಅತ್ತಿಗೆ, ಮಗಳ ಕಡೆ ನೋಡುತ್ತ. "ಇವಳಿಗೆ ಪರೀಕ್ಷೆ ವರ್ಷ. ಓದೋಕೆ ಒಂದು ಬಾಗಿಲು ಹಾಕ್ಕೊಳ್ಳೋ ಜಾಗ ಬೇಡವಾ?"

"ಬೆಳಕೂ ಇಲ್ಲ. ಹಗಲೇ ಲೈಟ್ ಹಾಕಬೇಕು," ಎಂದ ಅಣ್ಣ.

"ಸೊಳ್ಳೆ ಬೇರೆ," ಎಂದಳು ಅಮ್ಮ. ಅಮ್ಮನ ಮಾತಿಗೆ ಪರವೂ ಇರಲಿಲ್ಲ, ವಿರೋಧವೂ ಇರಲಿಲ್ಲ. ಯಾರ ತಟ್ಟೆಗೆ ಏನು ಬೇಕು ಎಂದು ನೋಡುವುದರಲ್ಲೇ ಅವಳ ಆಯುಷ್ಯ ಕಳೆದಿತ್ತು.

"ಮತ್ತೆ ಪುಟ್ಟೀನ ಇಳಿಸೋದು ಯಾರಪ್ಪ? ಆಳು ಇಟ್ಟು ಎತ್ತಿಸೋಣವಾ?" ಎಂದು ಅಪ್ಪ ಪಟ್ಟಿ ಸರಿಮಾಡಿಕೊಂಡರು.

"ಯಾರ್ಯಾರೋ ಬಂದು ಮೈ ಮುಟ್ಟಿ ಎತ್ತೋದಾ? ಬೇಡಪ್ಪ," ಎಂದ ಅಣ್ಣ. ನಂತರ ಅವನಿಗೆ ಏನೋ ಹೊಳೆಯಿತು. "ಅಲ್ಲ, ಇವಳು ಕೆಳಗೆ ಯಾಕೆ ಹೋಗಬೇಕು? ಕೆಲಸಾನೇ ಮೇಲೆ ತಂದ್ರೆ ಆಯ್ತಲ್ಲ."

ಎಲ್ಲರ ಮುಖವೂ ಅರಳಿತು. ಪುಟ್ಟಿ ಬಾಯಲ್ಲಿದ್ದ ತುತ್ತು ನುಂಗಿ, "ನಾನು..." ಎನ್ನುವಷ್ಟರಲ್ಲಿ ಅತ್ತಿಗೆ ಪ್ರೀತಿಯಿಂದಲೇ ಅವಳ ತಟ್ಟೆಗೆ ಇನ್ನಷ್ಟು ಪಲ್ಯ ಬಡಿಸಿದಳು. "ನೀನು ತಲೆ ಕೆಡಿಸ್ಕೋಬೇಡ ಪುಟ್ಟಿ. ಎಲ್ಲಾ ನಾವು ನೋಡ್ಕೋತೀವಿ."

ಮರುದಿನ ಅಪ್ಪ, ಅಣ್ಣ ಇಬ್ಬರೂ ಲ್ಯಾಬಿನ ಯಜಮಾನರನ್ನು ಕಂಡು ಬಂದರು. ಬರುವಾಗ ಒಂದು ಡಬ್ಬದ ತುಂಬ ಅಚ್ಚು, ಮೇಣ, ಚಿಕ್ಕ ದೀಪ, ಹಲ್ಲಿನ ಪೆಟ್ಟಿಗೆ ಎಲ್ಲ ತಂದರು. ಕಿಟಕಿಯ ಪಕ್ಕ ಮೇಜು ಹಾಕಿಸಿದರು. ಅಪ್ಪ ಆ ಬೆನ್ನಿನಲ್ಲೇ ನೆಲಕ್ಕೆ ಬಗ್ಗಿ ಮೇಜಿನ ಕಾಲಿಗೆ ಕಾಗದ ಮಡಿಸಿಟ್ಟು ಅಲುಗದಂತೆ ಮಾಡಿದರು. "ಈಗ ರಾಣಿ ಹಾಗೆ ಕೂತ್ಕೊಂಡು ಕೆಲಸ ಮಾಡು," ಎಂದರು. ಆ ಮುಖ ನೋಡಿ ಅವಳಿಗೆ ಜಗಳವಾಡಲು ಆಗಲಿಲ್ಲ. ಇಪ್ಪತ್ತೊಂದನೇ ಮೆಟ್ಟಿಲು ಇನ್ನೂ ಕಣ್ಣ ಮುಂದಿತ್ತು.

ಮೊದಲ ವಾರ ಚೆನ್ನಾಗೇ ಇತ್ತು ಎನ್ನಬೇಕು. ಗಡಿಬಿಡಿಯಿಲ್ಲ, ಬಿಸಿಬಿಸಿ ಚಹಾ ಕೈಗೇ ಬರುತ್ತಿತ್ತು. ಎರಡನೇ ವಾರ ಗಡಿಯಾರ ನಿಧಾನವಾಯಿತು. ಒಂಬತ್ತಕ್ಕೆ ಅಣ್ಣ ಆಫೀಸಿಗೆ, ಅತ್ತಿಗೆ ತನ್ನ ಶಾಲೆಯ ಲೈಬ್ರರಿಗೆ, ಅಣ್ಣನ ಮಗಳು ಕಾಲೇಜಿಗೆ. ಅಪ್ಪ ಬೆನ್ನಿಗೆ ಶಾಖ ಕೊಡಿಸಿಕೊಳ್ಳಲು ಆಸ್ಪತ್ರೆಗೆ. ಅಮ್ಮ ಅಡುಗೆ ಮುಗಿಸಿ ಒಂದು ನಿದ್ದೆ ತೆಗೆಯುವಳು. ಆಮೇಲೆ ಉಳಿಯುವುದು ಅವಳು ಮತ್ತು ಮೇಜಿನ ಮೇಲೆ ಸಾಲಾಗಿ ಬಾಯಿ ತೆರೆದುಕೊಂಡ ಪ್ಲಾಸ್ಟರ್ ದವಡೆಗಳು. ಒಂದು ಮಧ್ಯಾಹ್ನ ಅವುಗಳಲ್ಲೊಂದನ್ನು "ಊಟ ಆಯ್ತಾ?" ಎಂದು ಕೇಳಿ, ತನಗೇ ನಾಚಿಕೆಯಾಗಿ ಬಾಗಿಲ ಕಡೆ ನೋಡಿದಳು.

ಲ್ಯಾಬಿನಲ್ಲಿ ಅವಳ ಪಕ್ಕದ ಮೇಜು ಪಾಲಿಷ್ ಅಕ್ಕನದು. ಐವತ್ತು ದಾಟಿದ ಹೆಂಗಸು, ದಿನವಿಡೀ ಮೋಟಾರಿಗೆ ಹಲ್ಲಿನ ಸೆಟ್ ಒಡ್ಡಿ ಹೊಳಪು ಕೊಡುವವಳು. ಮೋಟಾರಿನ ಗದ್ದಲದ ಮೇಲೆ ಕೂಗಿ ಕೂಗಿ ಅವಳಿಗೆ ಮೆಲ್ಲಗೆ ಮಾತಾಡಲು ಬರುತ್ತಲೇ ಇರಲಿಲ್ಲ. "ಈ ಸೆಟ್ಟಿನ ಯಜಮಾನ ಹೆಂಡತೀನ ಕಚ್ಚೋನು ಕಣೇ, ನೋಡು ಹೇಗೆ ಸವೆದಿದೆ," ಎಂದು ರಿಪೇರಿಗೆ ಬಂದ ಸೆಟ್ಟನ್ನು ಎತ್ತಿ ತೋರಿಸಿ ಬೀದಿಗೆ ಕೇಳುವಂತೆ ಹೇಳುವಳು. ಊಟದ ಡಬ್ಬ ಹಂಚಿಕೊಂಡು, ಜಗಳವಾಡಿ, ಮಾತು ಬಿಟ್ಟು, ಮತ್ತೆ ಚಹಾದ ಹೊತ್ತಿಗೆ ಸರಿಯಾಗುವುದು ಹನ್ನೊಂದು ವರ್ಷದಿಂದ ನಡೆದುಬಂದಿತ್ತು. ಅಲ್ಲಿ ಯಾರೂ ಅವಳನ್ನು ಪುಟ್ಟಿ ಎನ್ನುತ್ತಿರಲಿಲ್ಲ. ಮೇಡಂ ಎನ್ನುತ್ತಿದ್ದರು, ಅರ್ಧ ತಮಾಷೆಗೆ, ಅರ್ಧ ನಿಜಕ್ಕೇ.

ಪಾಲಿಷ್ ಅಕ್ಕ ಮೊದಲು ದಿನಾ ಫೋನ್ ಮಾಡಿದಳು, ನಂತರ ವಾರಕ್ಕೊಮ್ಮೆ. ಆಮೇಲೆ ಹೇಳಲು ಇಬ್ಬರಿಗೂ ಏನೂ ಉಳಿಯಲಿಲ್ಲ. "ಮತ್ತೇನು ವಿಶೇಷ?" "ಏನಿಲ್ಲ." ಪುಟ್ಟಿ ಕಿಟಕಿಯಿಂದ ಬೀದಿ ನೋಡುವುದನ್ನು ಅಭ್ಯಾಸ ಮಾಡಿಕೊಂಡಳು. ಎರಡು ತಿಂಗಳಲ್ಲಿ ಆ ಬೀದಿಯವರೆಲ್ಲ ಅವಳಿಗೆ ನೆತ್ತಿಯಿಂದ ಗುರುತು ಸಿಗತೊಡಗಿದರು. ಯಾರದ್ದು ಬೋಳಾಗುತ್ತಿದೆ, ಯಾರು ಬಣ್ಣ ಹಚ್ಚುತ್ತಾರೆ ಎಲ್ಲ ಗೊತ್ತಾಯಿತು. ಒಬ್ಬರೂ ತಲೆ ಎತ್ತಿ ನೋಡಲಿಲ್ಲ. ಅವಳಿಗೆ ಅಳು ಬರುತ್ತಿತ್ತು, ಆದರೆ ಮೇಣದ ಕೆಲಸದಲ್ಲಿ ಕಣ್ಣು ಒದ್ದೆಯಾದರೆ ಆಗುವುದಿಲ್ಲ.

ಊಟಕ್ಕೆ ಕೂತಾಗ ಒಮ್ಮೆ ಹೇಳಿಯೇ ಬಿಟ್ಟಳು. "ನಂಗೆ ಬೇಜಾರಾಗ್ತಿದೆ. ನಾನು ಹೋಗಬೇಕು."

"ಎಲ್ಲಿಗೆ?" ಎಂದ ಅಣ್ಣ, ಆಶ್ಚರ್ಯದಿಂದ.

"ಕೆಲಸಕ್ಕೆ."

"ಕೆಲಸ ಇಲ್ಲೇ ಇದೆಯಲ್ಲ! ನಮಗೆಲ್ಲ ಹೀಗೆ ಮನೇಲಿ ಕೂತು ಮಾಡೋ ಕೆಲಸ ಸಿಕ್ಕಿದ್ರೆ ನಾವು ಕುಣೀತಿದ್ವಿ."

"ಒಂದು ತಿಂಗಳು ಕೂತು ನೋಡು. ಕುಣೀತೀಯೋ ಇಲ್ವೋ ಆಮೇಲೆ ಹೇಳು."

"ಅಪ್ಪನ ಬೆನ್ನು ನೋಡಮ್ಮ ಸ್ವಲ್ಪ," ಎಂದಳು ಅತ್ತಿಗೆ. ಪುಟ್ಟಿ ತಲೆ ತಗ್ಗಿಸಿದಳು. ಅಪ್ಪ ನೀರು ಕುಡಿದು ಲೋಟವನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದರು. ಅಣ್ಣನ ಮಗಳು ಎಲ್ಲರ ಮುಖ ನೋಡಿ, ಏನೋ ಹೇಳಲು ಹೋಗಿ, ತಟ್ಟೆ ಎತ್ತಿಕೊಂಡು ಎದ್ದು ಹೋದಳು.

ಎಡವಟ್ಟಾದದ್ದು ಮುಂದಿನ ವಾರ. ಒಬ್ಬ ನಿವೃತ್ತ ಮೇಷ್ಟ್ರಿಗೆ ಮುಂದಿನ ಮೂರು ಹಲ್ಲು ಕಟ್ಟಬೇಕಿತ್ತು. ಉಳಿದ ಹಲ್ಲುಗಳ ಬಣ್ಣಕ್ಕೆ ಹೊಂದಬೇಕು, ಅದಕ್ಕಾಗಿ ವೈದ್ಯರು ಅವರ ಹಳೇ ಹಲ್ಲೊಂದನ್ನು ಮಾದರಿಗೆ ಕಳಿಸಿದ್ದರು. ಲ್ಯಾಬಿನಲ್ಲಾದರೆ ಉತ್ತರದ ಕಿಟಕಿಯ ಬೆಳಕಿನಲ್ಲಿ ಇಟ್ಟು ನೋಡಿ, "ಅಕ್ಕ, ಇದಾ ಅದಾ?" ಎಂದು ಕೇಳುವ ರೂಢಿ. ಬಣ್ಣವನ್ನು ಒಬ್ಬರೇ ಆರಿಸಬಾರದು ಎಂಬುದು ಅಲ್ಲಿನ ಕಟ್ಟಳೆ. ಮನೆಯ ಕಿಟಕಿಗೆ ಎದುರು ಕಟ್ಟಡದ ಹಳದಿ ಗೋಡೆ ಅಡ್ಡ. ಕೇಳಲು ಯಾರೂ ಇಲ್ಲ. ಅಮ್ಮನನ್ನು ಕರೆದು ತೋರಿಸಿದರೆ, "ಎಲ್ಲಾ ಹಲ್ಲೂ ಹಲ್ಲಿನ ಬಣ್ಣಾನೇ ಅಲ್ವೇನೇ," ಎಂದು ಹೋದಳು. ಅವಳು ಆರಿಸಿದಳು, ಕೂರಿಸಿದಳು, ಕಳಿಸಿದಳು.

ಅದು ವಾಪಸ್ ಬಂತು. ಜೊತೆಗೊಂದು ಚೀಟಿ: "ಮೂರು ಹಲ್ಲು ಪಕ್ಕದ ಮನೆಯವರಿಂದ ಕಡ ತಂದ ಹಾಗಿವೆ."

ಯಜಮಾನರು ಫೋನ್ ಮಾಡಿದ್ದು ಅವಳಿಗಲ್ಲ, ಅಣ್ಣನಿಗೆ. ಸಂಜೆ ಅಣ್ಣ ಬೂಟು ಬಿಚ್ಚುತ್ತ ಹೇಳಿದ: "ಇನ್ಮೇಲೆ ಹಲ್ಲು ಕೂರಿಸೋದು ಅಲ್ಲೇ ಮಾಡ್ತಾರಂತೆ. ನಿಂಗೆ ಅಚ್ಚಿನ ಅಂಚು ಉಜ್ಜೋದು ಕಳಿಸ್ತಾರಂತೆ. ಸುಲಭದ್ದು. ಒಳ್ಳೇದೇ ಆಯ್ತಲ್ಲ, ಕಣ್ಣಿಗೂ ಆರಾಮ."

ಅಂಚು ಉಜ್ಜುವುದು ಕೆಲಸಕ್ಕೆ ಸೇರಿದ ಮೊದಲ ತಿಂಗಳು ಮಾಡುವ ಕೆಲಸ. ಅವಳು ಮೂರು ಹಲ್ಲುಗಳನ್ನು ಅಂಗೈಯಲ್ಲಿ ಹಿಡಿದು ದೀಪದ ಬೆಳಕಿಗೆ ಒಡ್ಡಿ ನೋಡಿದಳು. ಆ ರಾತ್ರಿ ಊಟ ಸೇರಲಿಲ್ಲ.

ಮರುದಿನ ಎಲ್ಲರೂ ಹೋದ ಮೇಲೆ, ಅಮ್ಮ ತರಕಾರಿಗೆ ಇಳಿದ ಮೇಲೆ, ಅವಳು ಹಳೇ ಆಟೋದವನಿಗೆ ಫೋನ್ ಮಾಡಿದಳು. ಒಂದು ದಿಂಬನ್ನು ದುಪಟ್ಟಾದಿಂದ ಸೊಂಟಕ್ಕೆ ಬಿಗಿಯಾಗಿ ಕಟ್ಟಿಕೊಂಡಳು. ಸೊಂಟದ ಕೆಳಗೆ ಗಾಯವಾದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ, ಅದೇ ಭಯ. ಗಾಲಿಕುರ್ಚಿಯಿಂದ ನೆಲಕ್ಕೆ ಇಳಿದು, ಬಾಗಿಲು ದಾಟಿ, ಮೊದಲ ಮೆಟ್ಟಿಲ ಅಂಚಿಗೆ ಬಂದು ಕೂತಳು. ಕೈಯೂರಿ ಮೈ ಎತ್ತಿ ಒಂದು ಮೆಟ್ಟಿಲು ಇಳಿದಳು. ನಂತರ ಎರಡೂ ಕಾಲುಗಳನ್ನು ಕೈಯಿಂದ ಎತ್ತಿ ಕೆಳಗಿಟ್ಟಳು. ಮತ್ತೆ ಮೈ, ಮತ್ತೆ ಕಾಲು. ಹತ್ತಕ್ಕೆ ಬರುವ ಹೊತ್ತಿಗೆ ಅಂಗೈ ಉರಿಯುತ್ತಿತ್ತು. ಇಪ್ಪತ್ತೊಂದರಲ್ಲಿ ಸ್ವಲ್ಪ ಕೂತಳು. ಇಷ್ಟು ವರ್ಷ ಈ ಮೆಟ್ಟಿಲುಗಳ ಮೇಲೆ ತೇಲಿಕೊಂಡು ಹೋಗಿದ್ದಳೇ ಹೊರತು ಒಂದನ್ನೂ ಮುಟ್ಟಿರಲಿಲ್ಲ. ತಣ್ಣಗಿದ್ದವು, ಧೂಳಿತ್ತು.

ಮೊದಲನೇ ಮಹಡಿಯ ಹೆಂಗಸು ಬಾಗಿಲು ತೆಗೆದು ನಿಂತಲ್ಲೇ ಬಾಯಿ ಬಿಟ್ಟಳು. "ಅಯ್ಯೋ! ಯಾರಮ್ಮ ನಿನ್ನ ಹೀಗೆ ಬಿಟ್ಟು ಹೋದೋರು?"

"ಯಾರೂ ಬಿಟ್ಟಿಲ್ಲ. ನಾನೇ ಹೋಗ್ತಿದೀನಿ. ಮೇಲೆ ನನ್ನ ಗಾಲಿಕುರ್ಚಿ ಇದೆ, ಮಡಿಸಿ ಕೆಳಗೆ ತಂದು ಕೊಡ್ತೀರಾ?"

ಆಕೆ ಹೋಗಿ ತಂದಳು, ಒಂದೇ ಕೈಯಲ್ಲಿ. "ಇಷ್ಟೇನಾ ಇದರ ಭಾರ?" ಎಂದಳು, ಮೋಸ ಹೋದವಳಂತೆ. ಆ ದಿನ ಅಯ್ಯೋ ಪಾಪ ಎನ್ನುವುದು ಆಕೆಗೆ ಮರೆತೇಹೋಯಿತು. ಪುಟ್ಟಿ ಉಳಿದ ಮೆಟ್ಟಿಲುಗಳನ್ನೂ ಹಾಗೇ ಇಳಿದಳು, ಆಟೋದವನು ಅವಳನ್ನು ಹತ್ತಿಸಿಕೊಂಡ.

ಲ್ಯಾಬಿನ ಬಾಗಿಲಿಗೆ ಬೀದಿಯಿಂದ ಎರಡು ಮೆಟ್ಟಿಲು. ಹನ್ನೊಂದು ವರ್ಷದ ಕೆಳಗೆ ಯಜಮಾನರು ಹಳೇ ಬಾಗಿಲೊಂದನ್ನು ಕೊಯ್ಯಿಸಿ ಅವಳಿಗಾಗಿ ಅಲ್ಲೊಂದು ಹಲಗೆ ಹಾಕಿಸಿದ್ದರು. ಆಟೋದಿಂದ ಇಳಿದು ಬಂದು ನೋಡಿದರೆ ಹಲಗೆಯೇ ಇಲ್ಲ. ಅದಿದ್ದ ಜಾಗದಲ್ಲಿ ಯಾರದೋ ಸ್ಕೂಟರ್ ನಿಂತಿತ್ತು. ಅವಳು ಬೀದಿಯಿಂದಲೇ ಕೂಗಿದಳು. ಮೋಟಾರಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಎಲ್ಲರೂ ಒಳಗೆ, ತಾನೊಬ್ಬಳೇ ಹೊರಗೆ ಎಂಬುದು ಅವಳಿಗೆ ಅಷ್ಟು ಸ್ಪಷ್ಟವಾಗಿ ಕಂಡದ್ದು ಅದೇ ಮೊದಲು. ಹಾಗೇ ತಿರುಗಿ ಹೋಗಿಬಿಡಲೇ ಎನಿಸಿತು. ಅಷ್ಟರಲ್ಲಿ ಮೋಟಾರು ನಿಂತಿತು.

"ಮೇಡಮ್ಮು!" ಪಾಲಿಷ್ ಅಕ್ಕ ಬಿಳೀ ಪುಡಿ ಮೆತ್ತಿದ ಕೈಯಲ್ಲೇ ಓಡಿ ಬಂದಳು. ಹಿಂದೆ ಯಜಮಾನರು.

"ಹಲಗೆ ಎಲ್ಲಿ?" ಎಂದಳು ಅವಳು.

ಯಜಮಾನರು ಕೆಮ್ಮಿದರು. "ಅದು... ಅಚ್ಚು ಇಡೋಕೆ ಶೆಲ್ಫಿಗೆ ಹಾಕಿಸಿಬಿಟ್ಟೆನಮ್ಮ. ನೀನು ಇನ್ನು ಬರಲ್ಲ ಅಂತ ನಿಮ್ಮಪ್ಪನೇ ಹೇಳಿದ್ರಲ್ಲ."

"ನಾನು ಹೇಳಿದ್ನಾ?"

"ನೀನು ಹೇಳಲಿಲ್ಲ..."

"ಕೇಳಿದ್ರಾ ನನ್ನನ್ನ? ಹಲ್ಲಿನ ಬಣ್ಣ ತಪ್ಪಿದಾಗ್ಲೂ ಅಣ್ಣಂಗೆ ಫೋನ್ ಮಾಡಿದ್ರಿ. ಹಲ್ಲು ಕೂರಿಸಿದ್ದು ಅಣ್ಣನಾ? ನಾನಲ್ವಾ ಬೈಸಿಕೋಬೇಕಾದೋಳು?"

ಯಜಮಾನರು ಒಳ್ಳೆಯ ಮನುಷ್ಯ. "ನಾಳೆ ಬೇರೆ ಹಲಗೆ ಹಾಕಿಸ್ತೀನಿ," ಎಂದರು.

"ಇವತ್ತು. ಅದೇ ಹಲಗೆ."

"ಅದರ ಮೇಲೆ ನಲವತ್ತು ಅಚ್ಚಿದೆಯಮ್ಮ. ಎಲ್ಲಿಡೋದು?"

"ಇಲ್ಲಿಡಿ," ಎಂದು ಅವಳು ಮಡಿಲು ತೋರಿಸಿದಳು.

ಪಾಲಿಷ್ ಅಕ್ಕ ಯಜಮಾನರ ಅಪ್ಪಣೆಗೆ ಕಾಯಲಿಲ್ಲ. ಒಳಗಿಂದ ಒಂದೊಂದೇ ದವಡೆ ತಂದು ಅವಳ ಮಡಿಲಲ್ಲಿ ಪೇರಿಸಿದಳು. ಮಡಿಲು ತುಂಬಿತು, ಉಳಿದದ್ದು ಆಟೋದ ಸೀಟಿಗೆ ಹೋಯಿತು. ಹಾದಿಹೋಕರು ನಿಂತು ನೋಡಿದರು. ಒಳಗೆ ಸ್ಕ್ರೂ ಬಿಚ್ಚುವ ಸದ್ದು ಕೇಳುತ್ತಿತ್ತು. ಅರ್ಧ ಗಂಟೆಯಲ್ಲಿ ಹಲಗೆ ಹೊರಗೆ ಬಂತು, ಸ್ಕೂಟರ್ ಪಕ್ಕಕ್ಕೆ ಹೋಯಿತು, ಅವಳು ತನ್ನ ಕೈಯಿಂದಲೇ ಗಾಲಿ ತಿರುಗಿಸಿ ಒಳಗೆ ಹೋದಳು. ಉತ್ತರದ ಕಿಟಕಿಯಲ್ಲಿ ಮೂರು ಹಲ್ಲುಗಳನ್ನಿಟ್ಟು, "ಅಕ್ಕ, ಇದಾ ಅದಾ?" ಎಂದು ಕೇಳಿದಳು.

"ಥೂ, ಇದು ಕೆಸುವಿನ ಗೆಡ್ಡೆ ಬಣ್ಣ ಕಣೇ. ಕಣ್ಣೇನು ಮನೇಲಿ ಬಿಟ್ಟಿದ್ಯಾ?" ಎಂದು ಅಕ್ಕ ಬೀದಿಗೆ ಕೇಳುವಂತೆ ಕೂಗಿದಳು. ಎರಡು ತಿಂಗಳಲ್ಲಿ ಅವಳ ಕಿವಿಗೆ ಬಿದ್ದ ಮೊದಲ ಸಿಹಿ ಮಾತು ಅದು.

ಸಂಜೆ ಆರಕ್ಕೆ ಅವಳ ಆಟೋ ಮನೆಯ ಮುಂದೆ ನಿಂತಾಗ ಇಡೀ ಸಂಸಾರ ಕೆಳಗಿತ್ತು. ಅಮ್ಮನ ಕಣ್ಣು ಕೆಂಪಾಗಿತ್ತು.

"ಹೇಳದೆ ಕೇಳದೆ ಹೋಗೋದಾ? ಬಿದ್ದಿದ್ರೆ ಏನೇ ಗತಿ?" ಎಂದು ಅಣ್ಣ ಕೂಗಾಡಿದ. ಕೂಗಾಡುತ್ತಲೇ ಮರದ ಕುರ್ಚಿ ಹತ್ತಿರ ಎಳೆದ. ಅಪ್ಪ ಸೊಂಟದ ಪಟ್ಟಿ ಬಿಗಿದುಕೊಂಡು ಮುಂದೆ ಬಂದರು.

"ಬೇಡ ಅಪ್ಪ. ನಾನು ಹತ್ತಲ್ಲ."

"ಹತ್ತದೆ?"

"ಹತ್ತಿದ್ರೆ ನೀವು ಮತ್ತೆ ಇಳಿಸಲ್ಲ. ಇಳಿಸೋಕೆ ನಿಮ್ಮ ಕೈಲಿ ಆಗೋದೂ ಇಲ್ಲ. ನಿಮ್ಮ ಬೆನ್ನು ಮುರಿದು ನಾನು ಕೆಲಸಕ್ಕೆ ಹೋಗಬೇಕಾ? ಹೋಗದೆ ಅಲ್ಲಿ ಮೇಲೆ ಕೂತು ಒಣಗಬೇಕಾ? ಎರಡೂ ನನಗೆ ಬೇಡ." ಅವಳು ಗಾಲಿಕುರ್ಚಿ ತಿರುಗಿಸಿ ನೆಲಮಹಡಿಯ ಬೀಗ ಹಾಕಿದ ಬಾಗಿಲ ಮುಂದೆ ನಿಲ್ಲಿಸಿದಳು. "ಈ ಮನೆ ಇನ್ನೂ ಖಾಲಿ ಇದೆ."

ಮಾತಿಗೆ ಮಾತು ಬೆಳೆಯಿತು. ಬೆಳೆದು ಬೆಳೆದು ಸುಸ್ತಾಗಿ ಅಣ್ಣ, ಅತ್ತಿಗೆ ಮುಖ ಊದಿಸಿಕೊಂಡು ಮೇಲೆ ಹೋದರು. ಅಪ್ಪನೂ ಹೋದರು. ಮೇಲೆ ತಟ್ಟೆ ಹಾಕುವ ಸದ್ದು ಕೇಳಿಸಿತು. ಅವರೆಲ್ಲ ಊಟಕ್ಕೆ ಕೂತರು. ಅವಳು ಕೆಳಗೆ ಒಬ್ಬಳೇ ಬೀಗ ನೋಡುತ್ತ ಕೂತಳು. ಇಷ್ಟೇನಾ ಎನಿಸಿತು. ಗೆದ್ದರೂ ಒಬ್ಬಳೇ, ಸೋತರೂ ಒಬ್ಬಳೇ.

ಅಮ್ಮ ತಟ್ಟೆ ಹಿಡಿದು ಇಳಿದು ಬಂದಳು. ನೀರು ಮರೆತಿದ್ದಳು, ಮತ್ತೆ ಹತ್ತಿದಳು. ನೀರು ತಂದಾಗ ಉಪ್ಪು ಮರೆತದ್ದು ನೆನಪಾಯಿತು, ಮತ್ತೆ ಹತ್ತಿದಳು. ಮೂರನೇ ಸಲ ಇಳಿದವಳು ಕೊನೆಯ ಮೆಟ್ಟಿಲಲ್ಲಿ ಧೊಪ್ಪನೆ ಕೂತು ಏದುಸಿರು ಬಿಟ್ಟಳು.

"ಇನ್ನೇನಾದ್ರೂ ಬೇಕಾ?"

"ಬೇಡಮ್ಮ. ಕೂತ್ಕೋ."

ಅಮ್ಮ ಮಗಳ ಅಂಗೈ ಹಿಡಿದು ತಿರುಗಿಸಿ ನೋಡಿದಳು. ಚರ್ಮ ಕಿತ್ತುಬಂದಿತ್ತು. ಯಾರಿಗೂ ಎದುರಾಡದ ಆ ಹೆಂಗಸು ಆಮೇಲೆ ಮೇಲಕ್ಕೆ ಮುಖ ಮಾಡಿ ಕೂಗಿದಳು: "ರೀ! ಮಾಲೀಕರಿಗೆ ಫೋನ್ ಮಾಡಿ. ನಾನೂ ಇನ್ನು ಹತ್ತಲ್ಲ!"

ಮೇಲೆ ತಟ್ಟೆಗಳ ಸದ್ದು ನಿಂತಿತು. "ಅವಳ ಓದು..." ಎಂದು ಅತ್ತಿಗೆಯ ದನಿ ಕೇಳಿಸಿತು. ಅದರ ಮೇಲೆ ಅಣ್ಣನ ಮಗಳ ದನಿ, "ನನ್ನ ಹೆಸರು ಎಳೀಬೇಡ ಅಮ್ಮ. ನಂಗೆ ರೂಮು ಬೇಕು ಅಂತ ನಾನು ಯಾವತ್ತೂ ಕೇಳಿಲ್ಲ. ನನ್ನನ್ನೂ ಯಾರೂ ಕೇಳಿಲ್ಲ."

ಸ್ವಲ್ಪ ಹೊತ್ತಿಗೆ ಅಪ್ಪ ಒಬ್ಬರೇ ಗೋಡೆ ಹಿಡಿದುಕೊಂಡು ಇಳಿದು ಬಂದರು. ಮಾಲೀಕರು ಎದುರು ಮನೆಯಲ್ಲಿ ಬೀಗದಕೈ ಇಟ್ಟಿದ್ದಾರಂತೆ ಎಂದಷ್ಟೇ ಹೇಳಿ, ಹೋಗಿ ತಂದು, ಬಾಗಿಲು ತೆಗೆದು ದೀಪ ಹಾಕಿದರು. ಖಾಲಿ ಗೋಡೆ, ಒಂದು ಹಳೇ ಕ್ಯಾಲೆಂಡರಿನ ಗುರುತು, ಮುಗ್ಗು ವಾಸನೆ. ಅವಳು ಗಾಲಿ ತಿರುಗಿಸಿದಳು. ಹೊಸ್ತಿಲು ಒಂದು ಗೇಣು ಎತ್ತರವಿತ್ತು. ಗಾಲಿ ತಾಗಿ ನಿಂತಿತು.

ಅಪ್ಪ ತಕ್ಷಣ ಸೊಂಟ ಬಗ್ಗಿಸಿ ಕುರ್ಚಿಗೆ ಕೈ ಹಾಕಿದರು. ಹದಿನೇಳು ವರ್ಷದ ಅಭ್ಯಾಸ.

"ಎತ್ತಬೇಡಿ ಅಪ್ಪ," ಎಂದಳು ಅವಳು. "ಒಂದು ಹಲಗೆ ತನ್ನಿ."

ಅಪ್ಪ ಹಾಗೇ ಬಗ್ಗಿದ್ದವರು ಮೆಲ್ಲಗೆ ನೆಟ್ಟಗಾದರು. ಮಗಳ ಮುಖ ನೋಡಿದರು, ಹೊಸ್ತಿಲು ನೋಡಿದರು, ಗೇಣು ಹಾಕಿ ಅದರ ಎತ್ತರ ಅಳೆದರು. ನಂತರ ಕಿಟಕಿಯ ಪಕ್ಕ ತಾವೇ ಹಾಕಿಸಿದ್ದ ಮೇಜಿನ ಹಲಗೆ ಬಿಚ್ಚಿ ತರಲು ಮೆಟ್ಟಿಲು ಹತ್ತತೊಡಗಿದರು.